ಊರಿಗೆ ಮರಳುವ ಮುನ್ನ: ಆದವಾನಿ ಸೀಮೆಯಲ್ಲಿ ಎಲ್ಲಿ ನೆಲೆ ನಿಲ್ಲಬೇಕು?

ಬೆಂಗಳೂರು, ಹೈದರಾಬಾದ್, ಬಳ್ಳಾರಿಯಲ್ಲಿ ಹತ್ತಿಪ್ಪತ್ತು ವರ್ಷ ದುಡಿದವರು ಹೆಂಡತಿ ಮಕ್ಕಳೊಂದಿಗೆ ಆದವಾನಿ, ಆಲೂರು ಕಡೆಯ ಹಳ್ಳಿಗೆ ಮರಳುವ ವಿಚಾರ ಮಾಡಿದಾಗ ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವ ಊರಾಗ ಇದ್ರೆ ಚಲೋ?" ಸಿರುಗುಪ್ಪ, ರಾಯಚೂರು ಕಡೆಯಿಂದ ಗಡಿ ದಾಟಿ ಬರುವವರದೂ ಇದೇ ಪ್ರಶ್ನೆ. ಬಹಳ ಮಂದಿ ಮನೆ ಅಥವಾ ಹೊಲದ ಬೆಲೆ ನೋಡಿ ಊರು ಆರಿಸುತ್ತಾರೆ. ನಮ್ಮ ಸೀಮೆಯಲ್ಲಿ ಹಾಗೆ ಮಾಡಿದರೆ ಮುಂದೆ ತೊಂದರೆ. ಇಲ್ಲಿ ಮೊದಲು ನೋಡಬೇಕಾದ್ದು ಮಗುವಿನ ಶಾಲೆ, ಎರಡನೆಯದು ಕಾಗದಪತ್ರ, ಮೂರನೆಯದು ಬೇಸಿಗೆಯ ನೀರು. ಮನೆಯ ಮಾತು ಇವೆಲ್ಲ ಆದ ಮೇಲೆ. ಈ ಕ್ರಮದಲ್ಲೇ ವಿಷಯಗಳನ್ನು ಕೆಳಗೆ ಕೊಟ್ಟಿದೆ.

ಗಡಿ ಬಿದ್ದದ್ದು ಹೇಗೆ

ಆದವಾನಿ (ಈಗ ಹೆಚ್ಚಾಗಿ ಆದೋನಿ ಎನ್ನುತ್ತಾರೆ) ಮತ್ತು ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ ಮತ್ತು ಆಲೂರನ್ನು ಕರ್ನೂಲು ಜಿಲ್ಲೆಗೆ, ರಾಯದುರ್ಗವನ್ನು ಅನಂತಪುರಕ್ಕೆ ಸೇರಿಸಿದರು. 2022ರ ಏಪ್ರಿಲ್‌ನಲ್ಲಿ ಕರ್ನೂಲು ಒಡೆದು ನಂದ್ಯಾಲ ಜಿಲ್ಲೆ ಆದಾಗಲೂ ನಮ್ಮ ಪಶ್ಚಿಮ ಭಾಗ ಕರ್ನೂಲಿನಲ್ಲೇ ಉಳಿಯಿತು.

ಇದರ ಫಲವಾಗಿ ಇಲ್ಲಿಯವರ ಕಚೇರಿ ಕೆಲಸ ಕರ್ನೂಲಿನಲ್ಲಿ, ನೆಂಟಸ್ತಿಕೆ ಬಳ್ಳಾರಿ, ಸಿರುಗುಪ್ಪ, ರಾಯಚೂರಿನಲ್ಲಿ. ಅರ್ಜಿ ಬರೆಯುವುದು ತೆಲುಗಿನಲ್ಲಿ, ಮನೆಮಾತು ಕನ್ನಡ. ಆದವಾನಿಯಿಂದ ಕರ್ನೂಲು ಸುಮಾರು 100 ಕಿ.ಮೀ., ಬಳ್ಳಾರಿ ಸುಮಾರು 70 ಕಿ.ಮೀ. ಇಲ್ಲಿ ಮನೆ ಮಾಡುವವರು ಈ ಎರಡೂ ದಿಕ್ಕಿನ ಓಡಾಟಕ್ಕೆ ಸಿದ್ಧರಿರಬೇಕು.

1. ಮೊದಲು ಶಾಲೆ

ಆದವಾನಿ, ಕೌತಾಳಂ, ಹೊಳಗುಂದ, ಹಾಲಹರವಿ, ಆಲೂರು ಭಾಗಗಳಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿವೆ. ಎಲ್ಲ ಊರಲ್ಲೂ ಇಲ್ಲ. ಇರುವ ಕಡೆಯೂ ಎಲ್ಲ ತರಗತಿಗಳು ಇರುವುದಿಲ್ಲ. ಹೀಗಾಗಿ "ಊರಾಗ ಕನ್ನಡ ಶಾಲಿ ಐತಿ" ಎಂಬ ಮಾತು ಸಾಲದು. ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡು ಇಷ್ಟು ಕೇಳಿ:

- ಕನ್ನಡ ಮಾಧ್ಯಮ ಎಷ್ಟನೆಯ ತರಗತಿಯವರೆಗೆ ಇದೆ? ಒಂದೊಂದು ತರಗತಿಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ?
- ಕನ್ನಡ ಮಾಧ್ಯಮದ ಹುದ್ದೆಯಲ್ಲಿ ಶಿಕ್ಷಕರು ಇದ್ದಾರೆಯೇ, ಅಥವಾ ಹುದ್ದೆ ಖಾಲಿ ಇದ್ದು ತೆಲುಗು ಶಿಕ್ಷಕರು ಪಾಠ ಮಾಡುತ್ತಿದ್ದಾರೆಯೇ?
- ಕನ್ನಡ ಪಠ್ಯಪುಸ್ತಕ ಹೋದ ವರ್ಷ ಯಾವ ತಿಂಗಳು ಕೈಗೆ ಬಂತು?
- ಇಲ್ಲಿ ಮುಗಿದ ಮೇಲೆ ಕನ್ನಡ ಮಾಧ್ಯಮದ ಹೈಸ್ಕೂಲು ಯಾವ ಊರಲ್ಲಿ? ಅಲ್ಲಿಗೆ ಹೆಣ್ಣುಮಕ್ಕಳು ಹೋಗಿಬರಲು ಬಸ್ಸು ಇದೆಯೇ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಐದನೆಯವರೆಗೆ ಕನ್ನಡದಲ್ಲಿ ಓದಿದ ಮಗು ಆರನೆಯದಕ್ಕೆ ಏಕಾಏಕಿ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೆ ಒಂದೆರಡು ವರ್ಷ ಒದ್ದಾಡುತ್ತದೆ. ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುವುದು ಈ ಘಟ್ಟದಲ್ಲೇ. ಆದ್ದರಿಂದ ಪ್ರಾಥಮಿಕ ಶಾಲೆ ಇರುವ ಊರಿಗಿಂತ ಹೈಸ್ಕೂಲು ಹತ್ತಿರ ಇರುವ ಊರನ್ನು ಆರಿಸಿ.

ಕನ್ನಡ ಮಾಧ್ಯಮದಲ್ಲಿ ಓದಿದರೂ ಮಗು ತೆಲುಗು ಕಲಿಯಲೇಬೇಕು. ಇದನ್ನು ಭಾರ ಎಂದುಕೊಳ್ಳಬೇಡಿ. ಸಚಿವಾಲಯ, ಪೊಲೀಸ್ ಠಾಣೆ, ಬ್ಯಾಂಕು, ಮಾರುಕಟ್ಟೆ ಎಲ್ಲ ಕಡೆ ತೆಲುಗೇ ನಡೆಯುತ್ತದೆ. ಬೆಂಗಳೂರಿನಿಂದ ಬರುವ ಮಕ್ಕಳಿಗೆ ಮೊದಲ ವರ್ಷ ಅಕ್ಷರದ ತೊಡಕು ಇರುತ್ತದೆ. ಎರಡೂ ಲಿಪಿಗಳು ಅಕ್ಕತಂಗಿಯರಂತಿರುವುದರಿಂದ ಬೇಗ ಹಿಡಿತ ಸಿಗುತ್ತದೆ.

ಹತ್ತನೆಯದರ ನಂತರದ ದಾರಿಯನ್ನೂ ಈಗಲೇ ನೋಡಿಡಿ. ಆಂಧ್ರದಲ್ಲಿ ಇಂಟರ್‌ಮೀಡಿಯೆಟ್ ಸೇರಿದರೆ ಇಂಗ್ಲಿಷ್ ಅಥವಾ ತೆಲುಗಿಗೆ ಹೊರಳಬೇಕಾಗುತ್ತದೆ. ಪಿಯುಸಿಗೆ ಬಳ್ಳಾರಿ, ಸಿರುಗುಪ್ಪ, ರಾಯಚೂರಿಗೆ ಕಳಿಸುವುದಾದರೆ ಹಾಸ್ಟೆಲ್ ಖರ್ಚು ಲೆಕ್ಕಕ್ಕೆ ಹಿಡಿಯಿರಿ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೇ ತಿದ್ದುಪಡಿಯಲ್ಲಿ ಇದು ಸೇರಿತು. ಆದರೆ ತರಗತಿಯಲ್ಲಿ ಮಕ್ಕಳೇ ಇಲ್ಲದಿದ್ದರೆ ವಿಧಿ ಹಿಡಿದು ವಾದ ಮಾಡುವುದು ಕಷ್ಟ. ನೀವು ಎರಡು ಮಕ್ಕಳನ್ನು ಕರೆದುಕೊಂಡು ಬಂದು ಕನ್ನಡ ಶಾಲೆಗೆ ಸೇರಿಸಿದರೆ ಆ ಶಾಲೆಯ ಹಾಜರಿಯಲ್ಲಿ ಎರಡು ಹೆಸರು ಹೆಚ್ಚಾಗುತ್ತದೆ. ಚಿಕ್ಕ ಶಾಲೆಗೆ ಆ ಎರಡು ಹೆಸರೂ ದೊಡ್ಡ ಬಲ.

2. ಎರಡನೆಯದು ಕಾಗದಪತ್ರ

ಗಡಿ ದಾಟಿದೊಡನೆ ಕೆಲವು ಹಕ್ಕುಗಳು ಬದಲಾಗುತ್ತವೆ. ಮನೆ ಸಾಮಾನು ಲಾರಿಗೆ ಹೇರುವ ಮುನ್ನ ಇವುಗಳ ಬಗ್ಗೆ ಮನೆಯವರೆಲ್ಲ ಕೂತು ಮಾತಾಡಿ.

ಜಾತಿ ಪ್ರಮಾಣಪತ್ರ: ಎರಡೂ ರಾಜ್ಯಗಳ ಪಟ್ಟಿಗಳು ಬೇರೆ ಬೇರೆ. ವಾಲ್ಮೀಕಿ, ಬೇಡ, ನಾಯಕ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ. ನಮ್ಮ ಕರ್ನೂಲು ಬಯಲುಸೀಮೆಯಲ್ಲಿ ಅದೇ ಬೋಯ ಸಮುದಾಯ ಬಿಸಿ-ಎ. ಕುರುಬರು ಕರ್ನಾಟಕದಲ್ಲಿ 2ಎ, ಆಂಧ್ರದಲ್ಲಿ ಬಿಸಿ-ಬಿ. ಒಂದು ರಾಜ್ಯದ ಪರಿಶಿಷ್ಟ ಜಾತಿ, ಪಂಗಡದ ಸವಲತ್ತು ಇನ್ನೊಂದು ರಾಜ್ಯಕ್ಕೆ ವಲಸೆ ಹೋದವರ ಜೊತೆ ಹೋಗುವುದಿಲ್ಲ ಎಂದು 1990ರಲ್ಲೇ ಸುಪ್ರೀಂ ಕೋರ್ಟ್ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿದೆ. ಮಗಳು ಹತ್ತನೆಯ ತರಗತಿಯಲ್ಲಿರುವಾಗ ಊರು ಬದಲಿಸುವವರು ಇದನ್ನು ಎರಡು ಸಲ ಯೋಚಿಸಬೇಕು.

ಸ್ಥಳೀಯ ಅಭ್ಯರ್ಥಿ: ಬಳ್ಳಾರಿ, ರಾಯಚೂರು ಕಡೆಯವರಿಗೆ 371ಜೆ ಅಡಿ ಸಿಗುವ ಮೀಸಲಾತಿ ಹುಟ್ಟು, ವಾಸ, ಓದಿನ ನಿಯಮಗಳ ಮೇಲೆ ನಿಂತಿದೆ. ಆಂಧ್ರದಲ್ಲಿ 371ಡಿ ಅಡಿ ಸ್ಥಳೀಯ ಅಭ್ಯರ್ಥಿಯ ನಿಯಮಗಳಿವೆ. ಅಲ್ಲಿಯೂ ಸತತವಾಗಿ ಎಷ್ಟು ವರ್ಷ ಎಲ್ಲಿ ಓದಿದರು ಎಂಬುದೇ ಮುಖ್ಯ. ನಡುವೆ ರಾಜ್ಯ ಬದಲಿಸಿದ ಮಗು ಎರಡೂ ಕಡೆ ಅರೆಬರೆಯಾಗುವ ಅಪಾಯ ಇದೆ. ಓದಿದ ಪ್ರತಿ ಶಾಲೆಯಿಂದ ಸ್ಟಡಿ ಸರ್ಟಿಫಿಕೇಟ್ ಪಡೆದು ಜೋಪಾನ ಮಾಡಿ.

ಗಡಿನಾಡ ಕನ್ನಡಿಗರ ಅವಕಾಶ: ಕರ್ನಾಟಕದ ವೃತ್ತಿಪರ ಕೋರ್ಸುಗಳ ಸಿಇಟಿ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮ ಇದೆ. ಆಂಧ್ರದಿಂದ ಅದರಲ್ಲಿ ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲ್ಲೂಕುಗಳ ಹೆಸರಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಪರೀಕ್ಷೆಗೂ ಕೂರಬೇಕು. ಇಲ್ಲಿ ಒಂದು ಎಚ್ಚರಿಕೆ: ನಿಯಮದಲ್ಲಿರುವುದು ತಾಲ್ಲೂಕಿನ ಹೆಸರು, ನಮ್ಮ ಕಡೆ ಈಗ ನಡೆಯುತ್ತಿರುವುದು ಮಂಡಲ. ನೀವು ಆರಿಸಿದ ಹಳ್ಳಿ ಹಳೆಯ ಯಾವ ತಾಲ್ಲೂಕಿಗೆ ಸೇರಿತ್ತು ಎಂದು ತಹಸೀಲ್ದಾರ್ ಕಚೇರಿಯಲ್ಲಿ ಕೇಳಿ ಖಚಿತಮಾಡಿಕೊಳ್ಳಿ. ಪತ್ತಿಕೊಂಡ ಕಡೆಯ ಹಳ್ಳಿಗೂ ಆಲೂರು ಕಡೆಯ ಹಳ್ಳಿಗೂ ನಾಲ್ಕು ಮೈಲಿ ಅಂತರ ಇರಬಹುದು, ಮಗುವಿನ ಸೀಟಿನ ಮಟ್ಟಿಗೆ ಅದು ದೊಡ್ಡ ಅಂತರ. ವಾಸ ಮತ್ತು ಓದಿನ ವರ್ಷಗಳ ಷರತ್ತನ್ನು ಆಯಾ ವರ್ಷದ ಸಿಇಟಿ ಕೈಪಿಡಿಯಲ್ಲಿ ಓದಿಕೊಳ್ಳಿ.

ಪಡಿತರ ಮತ್ತು ಪಿಂಚಣಿ: ಕರ್ನಾಟಕದ ಚೀಟಿ ರದ್ದಾದರೆ ಗೃಹಲಕ್ಷ್ಮಿಯ 2,000 ರೂಪಾಯಿ ನಿಲ್ಲುತ್ತದೆ. ಆಂಧ್ರದಲ್ಲಿ ವೃದ್ಧರ ಪಿಂಚಣಿ 2024ರಿಂದ ತಿಂಗಳಿಗೆ 4,000 ರೂಪಾಯಿ. ಎರಡೂ ಕಡೆ ಚೀಟಿ ಇಟ್ಟುಕೊಳ್ಳುವುದು ತಪ್ಪು, ಆಧಾರ್ ಜೋಡಣೆಯಿಂದ ಸಿಕ್ಕಿಬೀಳುವುದೂ ಸುಲಭ. ಹೊಸ ಚೀಟಿ ಬರುವವರೆಗೆ ಹಳೆಯ ಚೀಟಿಯಲ್ಲೇ 'ಒಂದು ದೇಶ ಒಂದು ಪಡಿತರ' ವ್ಯವಸ್ಥೆಯಡಿ ಧಾನ್ಯ ಪಡೆಯಬಹುದು.

ಆಂಧ್ರದ ಹಳ್ಳಿಗಳಲ್ಲಿ ಈ ಅರ್ಜಿಗಳು ಹೋಗುವುದು ಗ್ರಾಮ ಸಚಿವಾಲಯಕ್ಕೆ. 2019ರ ಅಕ್ಟೋಬರ್‌ನಿಂದ ಈ ವ್ಯವಸ್ಥೆ ಇದೆ. ಮತದಾರರ ಪಟ್ಟಿಯ ಸ್ಥಳಾಂತರಕ್ಕೆ ನಮೂನೆ 8. ಕೆಎ ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಡುವುದಾದರೆ ಎನ್‌ಒಸಿ ತಂದು ಎಪಿ ನಂಬರು ಮಾಡಿಸಬೇಕು.

3. ಮೂರನೆಯದು ನೀರು

ನಮ್ಮ ಸೀಮೆಗೆ ಮಳೆ ಕಡಿಮೆ. 1876–78ರ ದೊಡ್ಡ ಬರದಲ್ಲಿ ಅಂದಿನ ಬಳ್ಳಾರಿ ಜಿಲ್ಲೆ ತತ್ತರಿಸಿದ್ದು ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ಈಗ ನೀರಿನ ಮುಖ್ಯ ಆಸರೆ ತುಂಗಭದ್ರಾ ಕೆಳದಂಡೆ ಕಾಲುವೆ, ಅಂದರೆ ಎಲ್‌ಎಲ್‌ಸಿ. ಅದು ಅಣೆಕಟ್ಟಿನಿಂದ ಬಹುದೂರ ಕರ್ನಾಟಕದಲ್ಲೇ ಹರಿದು ಕೊನೆಗೆ ನಮ್ಮ ಕಡೆ ಬರುತ್ತದೆ. ಬಾಲದ ಕಡೆಯವರ ಕಷ್ಟ ಏನೆಂದು ಕಾಲುವೆ ಕೆಳಗೆ ಹೊಲ ಇದ್ದವರಿಗೆ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದು ಕೂತದ್ದು ಎಲ್ಲರಿಗೂ ನೆನಪಿದೆ. ಕುಡಿಯುವ ನೀರಿಗೂ ಹಲವು ಕಡೆ ಇದೇ ಕಾಲುವೆಯಿಂದ ತುಂಬಿಸುವ ಕೆರೆಗಳೇ ಗತಿ.

ಆದ್ದರಿಂದ ಊರು ನೋಡಲು ಶ್ರಾವಣದಲ್ಲಿ ಬರಬೇಡಿ. ಆಗ ಎಲ್ಲ ಊರೂ ಹಸಿರು. ಏಪ್ರಿಲ್ ಕೊನೆಯಲ್ಲಿ ಅಥವಾ ಮೇ ತಿಂಗಳಲ್ಲಿ ಬಂದು ಎರಡು ರಾತ್ರಿ ಉಳಿಯಿರಿ. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಎಷ್ಟು ಹೊತ್ತು, ಯಾರ ಮನೆಯ ಹೆಣ್ಣುಮಕ್ಕಳು ಕೊಡ ಹಿಡಿದು ಎಷ್ಟು ದೂರ ಹೋಗುತ್ತಾರೆ ಎಂದು ಕಣ್ಣಾರೆ ನೋಡಿ. ಇದನ್ನು ಗಂಡಸರು ಗಂಡಸರನ್ನು ಕೇಳಿ ತಿಳಿಯಲಾಗದು. ಮನೆಯ ಹೆಂಗಸರು ಬಂದು ಅಲ್ಲಿಯ ಹೆಂಗಸರನ್ನೇ ಕೇಳಬೇಕು.

ಕೊಳವೆಬಾವಿ ನಂಬಿ ಮನೆ ಮಾಡುವುದಾದರೆ ನೀರನ್ನು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಅದಕ್ಕಿಂತ ಹೆಚ್ಚಿದ್ದರೆ ಬೆಳೆಯುವ ಮಕ್ಕಳ ಹಲ್ಲು, ಮೂಳೆಗೆ ಕೆಡುಕು.

4. ದುಡಿಮೆ ಮತ್ತು ಗುಳೆ

ಆದವಾನಿ ಹತ್ತಿಯ ಊರು. ಇಲ್ಲಿಯ ಮಾರುಕಟ್ಟೆಗೆ ಗಡಿಯಾಚೆಯಿಂದಲೂ ಹತ್ತಿ ಬರುತ್ತದೆ. ಜೊತೆಗೆ ಶೇಂಗಾ, ಜೋಳ, ತೊಗರಿ, ಕಡಲೆ, ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯುತ್ತಾರೆ. ಜಿನ್ನಿಂಗ್, ಎಣ್ಣೆ ಗಿರಣಿ, ವ್ಯಾಪಾರದ ಕೆಲಸ ಆದವಾನಿಯಲ್ಲಿ ಸಿಗುತ್ತದೆ. ಎಮ್ಮಿಗನೂರಿನಲ್ಲಿ ಮಗ್ಗದ ಕಸುಬು ಹಳೆಯದು.

ಆದರೆ ಮಳೆ ಆಧಾರದ ಹಳ್ಳಿಗಳಲ್ಲಿ ಬೆಳೆ ಕೈಗೆ ಬಂದ ಮೇಲೆ ಕೆಲಸ ಇರುವುದಿಲ್ಲ. ಆಗ ಮನೆಗೆ ಬೀಗ ಹಾಕಿ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರು, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೋಗುತ್ತಾರೆ, ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ಫೆಬ್ರವರಿಯಲ್ಲಿ ಒಂದು ಸಲ ಊರು ನೋಡಿ. ಅರ್ಧ ಬೀದಿಗೆ ಬೀಗ ಬಿದ್ದಿದ್ದರೆ ಆ ಊರಲ್ಲಿ ಹೊಸಬರಿಗೂ ವರ್ಷವಿಡೀ ದುಡಿಮೆ ಕಷ್ಟ. ನಿಮ್ಮ ಆದಾಯ ಪಿಂಚಣಿಯದೋ, ಅಂಗಡಿಯದೋ, ಮನೆಯಿಂದ ಮಾಡುವ ಕಂಪ್ಯೂಟರ್ ಕೆಲಸದ್ದೋ ಆಗಿದ್ದರೂ ನಿಮ್ಮ ಮಗನ ಜೊತೆ ಆಡುವ ಹುಡುಗರು ನಾಲ್ಕು ತಿಂಗಳು ಊರಲ್ಲಿ ಇರುವುದಿಲ್ಲ.

5. ಆಸ್ಪತ್ರೆ, ಬಸ್ಸು, ರೈಲು

ವಯಸ್ಸಾದ ತಂದೆತಾಯಿ ಇದ್ದವರು ರಾತ್ರಿ ಎರಡು ಗಂಟೆಗೆ ಎಲ್ಲಿಗೆ ಹೋಗುವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆದವಾನಿಯಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ದೊಡ್ಡ ಕಾಯಿಲೆಗೆ ಕರ್ನೂಲಿನ ಸರ್ಕಾರಿ ಜನರಲ್ ಆಸ್ಪತ್ರೆ, ಬಳ್ಳಾರಿ ಅಥವಾ ರಾಯಚೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆ. ಭಾಷೆಯ ಅನುಕೂಲಕ್ಕೆ ಬಳ್ಳಾರಿ ಹತ್ತಿರ ಅನ್ನಿಸುತ್ತದೆ, ಆದರೆ ಆಂಧ್ರದ ಆರೋಗ್ಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಆಸ್ಪತ್ರೆಯಲ್ಲೇ ಮುಂಚಿತವಾಗಿ ಕೇಳಿ.

ರಾಷ್ಟ್ರೀಯ ಹೆದ್ದಾರಿ 167 ಬಳ್ಳಾರಿ ಹತ್ತಿರದ ಹಗರಿಯಿಂದ ಆಲೂರು, ಆದವಾನಿ, ಎಮ್ಮಿಗನೂರು ಮೂಲಕ ರಾಯಚೂರಿಗೆ ಹೋಗುತ್ತದೆ. ಗುಂತಕಲ್–ರಾಯಚೂರು ರೈಲು ದಾರಿಯಲ್ಲಿ ಆಸ್ಪರಿ, ಆದವಾನಿ, ಕುಪ್ಪಗಲ್, ಕೋಸಿಗಿ, ಮಂತ್ರಾಲಯಂ ರೋಡ್ ನಿಲ್ದಾಣಗಳಿವೆ. ಈ ಎರಡು ದಾರಿಗಳ ಹತ್ತಿರ ಇರುವ ಊರಿಗೂ ಒಳಗಿನ ಊರಿಗೂ ಬದುಕಿನಲ್ಲಿ ಬಹಳ ವ್ಯತ್ಯಾಸ.

ಹೆಣ್ಣುಮಕ್ಕಳ ಉಚಿತ ಪ್ರಯಾಣ ಕರ್ನಾಟಕದಲ್ಲಿ 2023ರ ಜೂನ್ 11ರಿಂದ, ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಇದೆ. ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ. ಆದವಾನಿಯಿಂದ ಬಳ್ಳಾರಿಗೆ ತವರಿಗೆ ಹೋಗುವ ಅಕ್ಕತಂಗಿಯರು ಟಿಕೆಟ್ ದುಡ್ಡು ಇಟ್ಟುಕೊಂಡೇ ಹತ್ತಬೇಕು.

6. ಯಾವ ಭಾಗ ಯಾರಿಗೆ

ಆದವಾನಿ ಪಟ್ಟಣ ಮತ್ತು ಸುತ್ತಲಿನ ಹಳ್ಳಿಗಳು: ಶಾಲೆ, ಆಸ್ಪತ್ರೆ, ರೈಲು, ಮಾರುಕಟ್ಟೆ ಎಲ್ಲ ಕೈಗೆಟುಕುತ್ತವೆ. ಮನೆ ಬಾಡಿಗೆ ಹಳ್ಳಿಗಿಂತ ಹೆಚ್ಚು. ಹೈಸ್ಕೂಲು ಓದುವ ಮಕ್ಕಳಿದ್ದವರು, ಔಷಧ ತಪ್ಪಿಸಬಾರದ ಹಿರಿಯರಿದ್ದವರು ಇಲ್ಲಿಂದಲೇ ಶುರುಮಾಡುವುದು ಲೇಸು.

ಹಾಲಹರವಿ, ಹೊಳಗುಂದ, ಆಲೂರು: ಗಡಿಗೆ ಅಂಟಿಕೊಂಡ ಭಾಗ, ಬಳ್ಳಾರಿ ಮತ್ತು ಸಿರುಗುಪ್ಪ ಹತ್ತಿರ. ಬೀದಿಯಲ್ಲಿ ಕನ್ನಡ ಧಾರಾಳವಾಗಿ ಕೇಳಿಬರುತ್ತದೆ. ದಸರಾದಲ್ಲಿ ದೇವರಗಟ್ಟಿನ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ ಈ ಸೀಮೆಯದೇ. ಚಿಕ್ಕ ಮಕ್ಕಳಿದ್ದು, ನೆಂಟರು ಕರ್ನಾಟಕದ ಕಡೆ ಇದ್ದು, ಹೊಲದ ಕೆಲಸ ಬಲ್ಲವರಿಗೆ ಹೊಂದುತ್ತದೆ. ಊರು ಒಳಗಿದ್ದಷ್ಟೂ ಬಸ್ಸು ಕಡಿಮೆ, ಗುಳೆ ಹೆಚ್ಚು.

ಕೌತಾಳಂ, ಕೋಸಿಗಿ, ಮಂತ್ರಾಲಯ: ತುಂಗಭದ್ರಾ ನದಿಯ ಕಡೆ. ಉರುಕುಂದಿ ಈರಣ್ಣನಿಗೆ ಶ್ರಾವಣದಲ್ಲಿ, ಮಂತ್ರಾಲಯಕ್ಕೆ ವರ್ಷವಿಡೀ ಕರ್ನಾಟಕದ ಭಕ್ತರು ಬರುತ್ತಾರೆ. ಹೀಗಾಗಿ ಅಂಗಡಿ, ಖಾನಾವಳಿ, ವಸತಿಯ ವ್ಯಾಪಾರಕ್ಕೆ ಕನ್ನಡ ಬಲ್ಲವರಿಗೆ ಇಲ್ಲಿ ಅವಕಾಶ ಇದೆ. ಮಂತ್ರಾಲಯಂ ರೋಡ್ ನಿಲ್ದಾಣದಿಂದ ಮಠಕ್ಕೆ ಸುಮಾರು 16 ಕಿ.ಮೀ. ಇದೆ, ಹೆಸರು ನೋಡಿ ಪಕ್ಕದಲ್ಲೇ ಎಂದುಕೊಳ್ಳಬೇಡಿ.

ಆಸ್ಪರಿ, ಚಿಪ್ಪಗಿರಿ: ಗುಂತಕಲ್ ಕಡೆಯ ಒಣಸೀಮೆ. ವಿಜಯದಾಸರು ಕೊನೆಯ ದಿನಗಳನ್ನು ಕಳೆದ ಚಿಪ್ಪಗಿರಿ ಇಲ್ಲೇ. ರೈಲ್ವೆ ಕೆಲಸದವರಿಗೆ ಅನುಕೂಲ. ಕನ್ನಡ ಶಾಲೆಯ ಮಟ್ಟಿಗೆ ಊರೂರು ವಿಚಾರಿಸಿಯೇ ಮುಂದುವರಿಯಿರಿ.

7. ಕೊನೆಗೆ ಹೊಲ, ಮನೆ

ಮೊದಲ ವರ್ಷ ಬಾಡಿಗೆಗೆ ಇರಿ. ಹಳೆಯ ಊರಿನ ಮನೆ ಮಾರಬೇಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಕೊಳ್ಳುವ ಮಾತು.

ಅಳತೆಯಲ್ಲಿ ಮೋಸ ಹೋಗಬೇಡಿ. ಕರ್ನಾಟಕದಲ್ಲಿ ಎಕರೆಗೆ 40 ಗುಂಟೆ, ಆಂಧ್ರದಲ್ಲಿ ಎಕರೆಗೆ 100 ಸೆಂಟು. ಒಂದು ಗುಂಟೆ ಅಂದರೆ ಎರಡೂವರೆ ಸೆಂಟು. ಪಹಣಿಯ ಬದಲು ಇಲ್ಲಿ ಅಡಂಗಲ್ ಮತ್ತು 1-ಬಿ ನೋಡಬೇಕು, 'ಮೀಭೂಮಿ' ಜಾಲತಾಣದಲ್ಲಿ ಸಿಗುತ್ತವೆ. ಪಟ್ಟಾದಾರ್ ಪಾಸ್‌ಬುಕ್, ಋಣಭಾರ ಪತ್ರ (ಇಸಿ) ಎರಡನ್ನೂ ಕೇಳಿ. ಬಡವರಿಗೆ ಸರ್ಕಾರ ಮಂಜೂರು ಮಾಡಿದ ಡಿ-ಪಟ್ಟಾ ಜಮೀನಿನ ಮಾರಾಟಕ್ಕೆ 1977ರ ಕಾಯ್ದೆಯ ನಿರ್ಬಂಧ ಇದೆ. ಬೆಲೆ ತೀರಾ ಕಡಿಮೆ ಹೇಳಿದರೆ ಮೊದಲು ಇದನ್ನೇ ಅನುಮಾನಿಸಿ. ಸರ್ವೆ ನಂಬರು ನೋಂದಣಿ ನಿಷೇಧದ 22-ಎ ಪಟ್ಟಿಯಲ್ಲಿ ಇಲ್ಲವೆಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಖಾತ್ರಿ ಮಾಡಿಕೊಂಡು ಮುಂಗಡ ಕೊಡಿ. ತೆಲುಗು ಓದಲು ಬರದವರು ನಂಬಿಕಸ್ತರಿಂದ ಓದಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಎರೆ ಭೂಮಿಯಲ್ಲಿ ಮನೆ ಕಟ್ಟುವವರು ತಳಪಾಯಕ್ಕೆ ಕೈ ಬಿಗಿಹಿಡಿಯಬಾರದು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಗೋಡೆ ಸೀಳುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆಸಿ. ಅದು ಆಗದಿದ್ದರೆ ಮಸಾರಿ ನೆಲದ ನಿವೇಶನ ನೋಡಿ.

ನೆನಪಿನ ಪಟ್ಟಿ

- ಫೆಬ್ರವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಊರು ನೋಡಿದ್ದೀರಾ?
- ಪ್ರಾಥಮಿಕ ಶಾಲೆ, ಹೈಸ್ಕೂಲು ಎರಡಕ್ಕೂ ಹೋಗಿ ಮಾತಾಡಿದ್ದೀರಾ?
- ಊರು ಹಳೆಯ ಯಾವ ತಾಲ್ಲೂಕಿನದು ಎಂದು ಖಚಿತವಾಗಿದೆಯೇ?
- ಜಾತಿ, ವಾಸ, ಓದಿನ ಪ್ರಮಾಣಪತ್ರಗಳನ್ನು ಹಳೆಯ ಊರಿನಿಂದ ಪಡೆದಿದ್ದೀರಾ?
- ನೀರಿನ ಪರೀಕ್ಷೆ ಆಗಿದೆಯೇ?
- ರಾತ್ರಿ ಆಸ್ಪತ್ರೆಗೆ ಹೋಗಲು ಗಾಡಿ ಯಾರದು ಎಂದು ಗೊತ್ತಿದೆಯೇ?
- ಮನೆಯ ಹೆಂಗಸರು, ದೊಡ್ಡ ಮಕ್ಕಳು ಊರು ನೋಡಿ ಒಪ್ಪಿದ್ದಾರೆಯೇ?

ಇವುಗಳಲ್ಲಿ ಎರಡಕ್ಕೆ "ಇಲ್ಲ" ಎಂದು ಬಂದರೆ ಒಂದು ವರ್ಷ ತಡೆಯಿರಿ. ಶಾಲಾ ವರ್ಷ ಜೂನ್‌ನಲ್ಲಿ ಶುರುವಾಗುವುದರಿಂದ ನಡುವೆ ಬರುವುದಕ್ಕಿಂತ ಮುಂದಿನ ಜೂನ್‌ಗೆ ಬರುವುದೇ ಮಕ್ಕಳಿಗೆ ಒಳಿತು.

ಈಗಾಗಲೇ ಇಲ್ಲಿ ನೆಲೆಸಿರುವ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮೂರಿನ ಕನ್ನಡ ಶಾಲೆಯಲ್ಲಿ ಯಾವ ತರಗತಿಯವರೆಗೆ ಪಾಠ ನಡೆಯುತ್ತಿದೆ, ಎಷ್ಟು ಮಕ್ಕಳಿದ್ದಾರೆ, ಶಿಕ್ಷಕರ ಹುದ್ದೆ ಎಷ್ಟು ಖಾಲಿ ಇದೆ ಎಂಬ ವಿವರವನ್ನು ಸಂಘದ ಸ್ಥಳೀಯ ಘಟಕಕ್ಕೆ ಕೊಡಿ. ಊರು ಹುಡುಕುವವರಿಗೆ ಅದಕ್ಕಿಂತ ಉಪಯೋಗದ ಮಾಹಿತಿ ಇಲ್ಲ. ಹೊಸದಾಗಿ ಬಂದ ಕುಟುಂಬ ನಿಮ್ಮ ಬೀದಿಯಲ್ಲಿ ಇದ್ದರೆ ಮೊದಲ ದಿನವೇ ಹೋಗಿ ಮಾತಾಡಿಸಿ, ಅವರ ಮಕ್ಕಳನ್ನು ನಿಮ್ಮ ಮಕ್ಕಳ ಜೊತೆ ಶಾಲೆಗೆ ಕರೆದುಕೊಂಡು ಹೋಗಿ.